ಮನೆಯೊಳಗೂ ಒಂದು ಎಲ್‌ಸಿ ಬೇಕು

ಮಳೆಗಾಲದಲ್ಲಿ ಹಿರೇಕೊಡಿಗೆ ಕಡೆಯ ಮನೆಗಳಲ್ಲಿ ಸ್ವಿಚ್ ಬೋರ್ಡ್ ಬಿಚ್ಚುವ ಮುಹೂರ್ತ ಕೂಡಿಬರುವುದೇ ಕರೆಂಟ್ ಹೋದಾಗ. ಕಾಡಿನೊಳಗೆ ಎಲ್ಲೋ ಲೈನಿನ ಮೇಲೆ ಮರ ಬಿದ್ದಿದೆ, ಇವತ್ತಂತೂ ಬರುವುದಿಲ್ಲ, ಆ ಸುಟ್ಟ ಸ್ವಿಚ್ಚನ್ನು ಈಗಲೇ ಬದಲಿಸಿಬಿಡೋಣ ಎಂಬ ಲೆಕ್ಕಾಚಾರ. ಕರೆಂಟ್ ತಾನಾಗಿ ಹೋಗಿರುವುದು ಬೇರೆ, ನಾವಾಗಿ ತೆಗೆದಿರುವುದು ಬೇರೆ. ಹೋದದ್ದು ಯಾವ ಗಳಿಗೆಯಲ್ಲಾದರೂ ಬಂದೀತು. ಬರುವ ಮುಂಚೆ ನಮ್ಮನ್ನು ಕೇಳುವುದಿಲ್ಲ.

ಮೆಸ್ಕಾಂ ಲೈನ್‌ಮನ್ ಕಂಬ ಹತ್ತಬೇಕಾದರೆ ಮೊದಲು ಸಬ್‌ಸ್ಟೇಷನ್ನಿನಿಂದ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತೆಗೆದುಕೊಳ್ಳಬೇಕು. ಯಾವ ಫೀಡರ್, ಯಾರ ಹೆಸರಿಗೆ, ಎಷ್ಟು ಹೊತ್ತಿಗೆ ಎಂಬುದೆಲ್ಲ ದಾಖಲಾಗಬೇಕು. ಕೆಲಸ ಮುಗಿಸಿ ಅದನ್ನು ಹಿಂದಿರುಗಿಸುವ ತನಕ ಲೈನ್ ಚಾರ್ಜ್ ಮಾಡುವಂತಿಲ್ಲ. ನಮ್ಮ ಮನೆಗಳಲ್ಲಿ ಮಾತ್ರ ಅಟ್ಟದ ಮೇಲಿಂದ "ಮೇನ್ ತೆಗ್ದಿದೀಯೇನೋ?" ಎಂದು ಕೂಗಿದ್ದಕ್ಕೆ ಜಗುಲಿಯಿಂದ ಬಂದ "ಹ್ಞೂಂ" ಎಂಬುದೇ ಎಲ್‌ಸಿ.

ಅಷ್ಟಕ್ಕೂ ಮೇನ್ ತೆಗೆದ ಮಾತ್ರಕ್ಕೆ ಮನೆಯ ತಂತಿಗಳೆಲ್ಲ ಸತ್ತಿರುತ್ತವೆಯೇ? ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಒಂಟಿ ಮನೆಗಳಲ್ಲಿ ಇನ್ವರ್ಟರ್ ಈಗ ಅಪರೂಪದ ವಸ್ತುವಲ್ಲ. ಕೆಲವರ ಬಳಿ ಜನರೇಟರ್ ಇದೆ, ಹಳ್ಳದ ನೀರಿಗೆ ಸಣ್ಣ ಟರ್ಬೈನ್ ಕೂಡಿಸಿ ಸ್ವಂತ ಕರೆಂಟ್ ಮಾಡಿಕೊಂಡವರೂ ಇದ್ದಾರೆ. ಮೇನ್ ತೆಗೆದರೆ ಇನ್ವರ್ಟರಿಗೆ ಅದು ಕರೆಂಟ್ ಹೋದಂತೆಯೇ. ಮರುಕ್ಷಣ ಅದು ತನ್ನ ಕೆಲಸ ಶುರುಮಾಡುತ್ತದೆ. ಬ್ಯಾಟರಿ ಬರೀ 12 ವೋಲ್ಟಿನದು, ಅದರಲ್ಲೇನಿದೆ ಎನ್ನುವವರಿದ್ದಾರೆ. ತಂತಿಗೆ ಬರುವುದು 230 ವೋಲ್ಟ್! ಮೀಟರ್ ಪಕ್ಕದ ಆರ್‌ಸಿಸಿಬಿ 30 ಮಿಲಿ ಆಂಪಿಯರ್ ಸೋರಿದರೂ ಬೀಳುತ್ತದೆ ಎಂಬ ಧೈರ್ಯವೂ ಇಲ್ಲಿ ಕೆಲಸಕ್ಕೆ ಬಾರದು. ಅದು ಇನ್ವರ್ಟರಿಗಿಂತ ಹಿಂದೆ ಕೂತಿರುವುದರಿಂದ ಬ್ಯಾಟರಿಯಿಂದ ಹೊರಟ ಕರೆಂಟ್ ಸೋರಿದ್ದು ಅದಕ್ಕೆ ತಿಳಿಯುವುದೇ ಇಲ್ಲ. ಹಾಗೆಂದು ಇನ್ವರ್ಟರಿನ ಮುಂಭಾಗದ ಗುಂಡಿ ಒಂದನ್ನೇ ಒತ್ತಿದರೂ ಸಾಲದು. ಗುಂಡಿ ಆಫ್ ಆಗಿದ್ದರೂ ಮೇನಿನ ಕರೆಂಟನ್ನು ನೇರವಾಗಿ ದಾಟಿಸುವ ಇನ್ವರ್ಟರುಗಳು ಬೇಕಾದಷ್ಟಿವೆ. ಎರಡನ್ನೂ ತೆಗೆಯಬೇಕು.

ಹಳೆಯ ಪಿಂಗಾಣಿ ಫ್ಯೂಸನ್ನು ಹಳಿಯುವವರ ಪೈಕಿ ನಾವೂ ಹೌದು, ಅದರಲ್ಲೂ ಫ್ಯೂಸ್ ತಂತಿಯ ಜಾಗಕ್ಕೆ ದಪ್ಪ ತಾಮ್ರದ ಎಳೆ ಸುತ್ತುವ ಚಾಳಿಯನ್ನು. ಆದರೆ ಅದಕ್ಕೊಂದು ಗುಣವಿತ್ತು: ಕಿತ್ತು ಜೇಬಿಗೆ ಹಾಕಿಕೊಳ್ಳಬಹುದಿತ್ತು. ಕೆಲಸ ಮಾಡುವವನ ಜೇಬಿನಲ್ಲಿ ಫ್ಯೂಸ್ ಇರುವಷ್ಟು ಹೊತ್ತು ಮನೆಯ ಮಕ್ಕಳಾಗಲಿ, ಫ್ರಿಜ್ಜು ನಿಂತಿತೆಂದು ಗಾಬರಿಯಾದ ಅತ್ತೆಯಾಗಲಿ ಕರೆಂಟ್ ಕೊಡುವಂತಿರಲಿಲ್ಲ. ಈಗ ಫ್ಯೂಸಿನ ಜಾಗಕ್ಕೆ ಬಂದಿರುವ ಎಂಸಿಬಿಯನ್ನು ಬೆರಳ ತುದಿಯಲ್ಲಿ ಯಾರು ಬೇಕಾದರೂ ಎತ್ತಿಬಿಡಬಹುದು. ಪೆಟ್ಟಿಗೆಗೊಂದು ಬೀಗ, ಬೀಗದ ಕೈ ಕೆಲಸ ಮಾಡುವವರ ಹತ್ತಿರ, ಖರ್ಚು ಅಷ್ಟೇ. ಒಂಟಿ ಪೋಲಿನ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ ಎಂಬುದೂ ನೆನಪಿರಲಿ. ಗಾಳಿಗೆ ಹರಿದ ಸರ್ವಿಸ್ ವೈರನ್ನು ಮತ್ತೆ ಜೋಡಿಸುವಾಗ ಫೇಸು ನ್ಯೂಟ್ರಲ್ ಅದಲುಬದಲಾದರೆ, ಕಡಿದದ್ದು ನ್ಯೂಟ್ರಲ್ ಆಗಿ ಫೇಸು ಬೋರ್ಡಿನಲ್ಲೇ ಉಳಿದಿರುತ್ತದೆ. ಮೇನಿಗೆ ಎರಡೂ ತಂತಿ ಕಡಿಯುವ ಡಬಲ್ ಪೋಲ್ ಹಾಕಿಸಿ ಎನ್ನುವುದು ಇದಕ್ಕೇ.

ಇನ್ನು ಟೆಸ್ಟರ್. ಅದರೊಳಗಿನ ನಿಯಾನ್ ದೀಪ ಉರಿಯುವುದು ನಮ್ಮ ಮೈಯ ಮೂಲಕ ನೆಲದ ಕಡೆಗೆ ಹರಿಯುವ ಅತಿ ಸಣ್ಣ ಕರೆಂಟಿನಿಂದ. ಒಣ ಮರದ ಸ್ಟೂಲಿನ ಮೇಲೋ ಅಟ್ಟದ ಹಲಗೆಯ ಮೇಲೋ ನಿಂತು ಮುಟ್ಟಿಸಿದರೆ ಕರೆಂಟಿದ್ದರೂ ಅದು ಮಿಣುಕೆನ್ನದೆ ಇರಬಹುದು. ಎರಡು ತುದಿಯ ಮಲ್ಟಿಮೀಟರ್ ವಾಸಿ. ಅದನ್ನೂ ಮೊದಲು ಕರೆಂಟ್ ಇದೆಯೆಂದು ಗೊತ್ತಿರುವ ಪಾಯಿಂಟಿನಲ್ಲಿ ನೋಡಿ, ಆಮೇಲೆ ಕೆಲಸದ ತಂತಿಯಲ್ಲಿ ನೋಡಿ, ಕಡೆಗೆ ಮತ್ತೆ ಗೊತ್ತಿರುವ ಪಾಯಿಂಟಿನಲ್ಲಿ ನೋಡಬೇಕು. ನಡುವೆ ಮೀಟರೇ ಕೆಟ್ಟಿದ್ದರೆ ಆಗ ತಿಳಿಯುತ್ತದೆ.

ಎರಡೂ ತುದಿಗೆ ಪಿನ್ ಕಟ್ಟಿದ ವೈರಿನಿಂದ ಜನರೇಟರ್ ಕರೆಂಟನ್ನು ಸಾಕೆಟ್ಟಿಗೆ ತಳ್ಳುವವರಿಗೆ ಮಾತ್ರ ಗಟ್ಟಿಯಾಗಿಯೇ ಹೇಳಬೇಕು. ಮೇನ್ ತೆಗೆಯಲು ಮರೆತರೆ ಆ 230 ವೋಲ್ಟ್ ಸರ್ವಿಸ್ ವೈರಿನಲ್ಲಿ ಹಿಂದಕ್ಕೆ ಹೋಗಿ, ಟಿಸಿಯಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರಿನಲ್ಲಿ, ಏರಿ, 11 ಕೆವಿ ಲೈನಿಗೆ ಸಾವಿರಾರು ವೋಲ್ಟಾಗಿ ತಲುಪಬಹುದು. ಎಲ್‌ಸಿ ತೆಗೆದುಕೊಂಡು, ಬಿದ್ದ ಮರ ಸರಿಸಿ ನಮ್ಮದೇ ಲೈನ್ ಕಟ್ಟುತ್ತಿರುವ ಲೈನ್‌ಮನ್ ಅಲ್ಲಿರುತ್ತಾರೆ. ಚೇಂಜ್ ಓವರ್ ಸ್ವಿಚ್ ಹಾಕಿಸದೆ ಜನರೇಟರ್ ಮನೆಯೊಳಗೆ ಬರಕೂಡದು.

ಹೊಸ ಸಂಪರ್ಕ ಪಡೆಯುವಾಗ ಪರವಾನಗಿ ಪಡೆದ ಗುತ್ತಿಗೆದಾರರ ವೈರಿಂಗ್ ವರದಿ ಕೊಡುತ್ತೇವೆ. ಆ ಕಾಗದ ಅವತ್ತಿನ ವೈರಿಂಗಿನದು. ಆಮೇಲೆ ಬರುವ ಇನ್ವರ್ಟರನ್ನು ಅಂಗಡಿಯ ಹುಡುಗ ಒಂದು ಮಧ್ಯಾಹ್ನ ಕೂಡಿಸಿ ಹೋದರೆ ಮುಗಿಯಿತು. ಯಾವ ಕೋಣೆಯ ಯಾವ ತಂತಿ ಅದಕ್ಕೆ ಸೇರಿದ್ದೆಂಬುದು ಅವನ ತಲೆಯಲ್ಲಿಯೇ ಉಳಿಯುತ್ತದೆ. ಆ ನಕ್ಷೆಯನ್ನು ಬೋರ್ಡಿನ ಬಾಗಿಲ ಒಳಬದಿಗೆ ಬರೆದು ಅಂಟಿಸಿದ ಮೇಲೆಯೇ ಬಿಲ್ಲಿನ ಬಾಕಿ ಕೊಡಿ.