ನಳದ ನೀರು ಕೆಡುವುದೆಲ್ಲಿ?

ಬಮ್ಮಿಗಟ್ಟಿಯ ವಾಚಕ ಭಗಿನಿಯೊಬ್ಬರ ಪತ್ರವು ಈ ತಿಂಗಳು ನಮ್ಮ ಮುಂದಿದೆ. ಪೇಟೆಗೆ ಕೊಟ್ಟ ಅವರ ಮಗಳ ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗನು ವಿಷಮಜ್ವರದಿಂದ ಮೂರು ವಾರ ಹಾಸಿಗೆ ಹಿಡಿದು, ಈಗಷ್ಟೇ ಎದ್ದು ಓಡಾಡತೊಡಗಿದ್ದಾನಂತೆ. “ಹಳ್ಳಿಯಲ್ಲಿ ಬಾವಿಯ ನೀರನ್ನು ಸೋಸಿ, ಕಾಯಿಸಿ ಕೊಡುತ್ತಿದ್ದೆವು. ಅಲ್ಲಿ ಶುದ್ಧಮಾಡಿ ಬಿಟ್ಟ ನೀರೆಂದು ನಂಬಿ ಹಾಗೆಯೇ ಕುಡಿಸಿದರು. ಇನ್ನು ಆ ನಳವನ್ನು ನಂಬುವುದೋ ಬಿಡುವುದೋ? ಮಗಳಿಗೆ ಏನು ಹೇಳಲಿ?” ಎಂದು ಕೇಳಿದ್ದಾರೆ.

ಆ ಜ್ವರವು ನೀರಿನಿಂದಲೇ ಬಂದಿತೆಂದು ನಾವು ಇಲ್ಲಿ ಕುಳಿತು ಹೇಳಲಾರೆವು. ಕೆಟ್ಟ ಆಹಾರದಿಂದಲೂ ಅದು ಬರುವುದುಂಟು. ಆದರೆ ನಳದ ನೀರು ಎಲ್ಲಿ ಕೆಡುತ್ತದೆಂಬುದನ್ನು ಊಹೆಯಿಂದ ಹೇಳಬೇಕಾಗಿಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿಯೇ ಅದನ್ನು ಅಳೆದು ನೋಡಿದ್ದಾರೆ.

ಒಂದು ಕಾಲಕ್ಕೆ ಹುಬ್ಬಳ್ಳಿಯು ಉಣಕಲ್ಲ ಕೆರೆಯನ್ನೂ ಧಾರವಾಡವು ಕೆಲಗೇರಿಯ ಕೆರೆಯನ್ನೂ ನೆಚ್ಚಿದ್ದವು. ಆಮೇಲೆ ಈ ಭಗಿನಿಯವರ ಕಲಘಟಗಿ ತಾಲೂಕಿನಲ್ಲಿಯೇ ಬೇಡ್ತಿ ಹಳ್ಳಕ್ಕೆ ಒಡ್ಡು ಹಾಕಿ ನೀರಸಾಗರವನ್ನು ಕಟ್ಟಿದರು. ಮಳೆ ಕೈಬಿಟ್ಟ ವರ್ಷ ಅದರ ತಳ ಕಂಡದ್ದೂ ಉಂಟು. ಮುಂದೆ ಸವದತ್ತಿಯ ಬಳಿಯ ಮಲಪ್ರಭೆಯ ಜಲಾಶಯದಿಂದ ನೀರನ್ನೆತ್ತಿ, ಅಮ್ಮಿನಭಾವಿಯಲ್ಲಿ ಶುದ್ಧಗೊಳಿಸಿ ತರುವ ಏರ್ಪಾಡಾಯಿತು. ಆದರೂ ಊರಿನ ಬಹುಭಾಗಕ್ಕೆ ಕೆಲವು ದಿನಗಳಿಗೊಮ್ಮೆ, ಕೆಲವು ತಾಸು ಮಾತ್ರ ನೀರು ಬರುವ ಪರಿಪಾಠವಾಯಿತು. 2008ರ ಸುಮಾರಿಗೆ ವಿಶ್ವ ಬ್ಯಾಂಕಿನ ನೆರವಿನಿಂದ ಎಂಟು ವಾರ್ಡುಗಳಲ್ಲಿ ಹೊಸ ಕೊಳವೆಗಳನ್ನು ಹೂಳಿ, ಹಗಲಿರುಳೂ ನೀರು ಬರುವಂತೆ ಮಾಡಿದರು. ಹೀಗೆ ಒಂದೇ ಊರಿನಲ್ಲಿ ಎರಡು ತೆರನಾದ ನಳಗಳಾದವು.

ಅಮೇರಿಕೆಯ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರಾದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎಂಬವರು ಒಂದು ವರ್ಷ ಪರ್ಯಂತ ಈ ಎರಡೂ ಭಾಗಗಳ ನೀರನ್ನು ಪರೀಕ್ಷಿಸಿ, 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರು ಹುಡುಕಿದ್ದು ಇ. ಕೋಲಿ ಎಂಬ ಸೂಕ್ಷ್ಮ ಜಂತುವನ್ನು. ಇದು ಮನುಷ್ಯರ ಮತ್ತು ದನಕರುಗಳ ಕರುಳಿನಲ್ಲಿರುವಂಥದು. ನೀರಿನಲ್ಲಿ ಕಂಡಿತೆಂದರೆ ಮಲದ ಸೋಂಕು ಅದಕ್ಕೆ ತಗುಲಿತೆಂದೇ ಅರ್ಥ. ಎತ್ತರದ ಟಾಕಿಗಳಲ್ಲಿ ಎರಡೂ ಕಡೆಯ ನೀರು ಹೆಚ್ಚು ಕಡಿಮೆ ಒಂದೇ ಆಗಿದ್ದಿತು. ಮನೆಯ ನಳಕ್ಕೆ ಬರುವಷ್ಟರಲ್ಲಿ ಮಾತ್ರ, ನಿಂತು ನಿಂತು ಬರುವ ನೀರಿನ ನೂರು ಮಾದರಿಗಳಲ್ಲಿ 31.7ರಷ್ಟರಲ್ಲಿ ಈ ಜಂತು ಸಿಕ್ಕಿತು. ಸತತವಾಗಿ ಬರುವ ನೀರಿನಲ್ಲಿ ನೂರಕ್ಕೆ 0.7ರಷ್ಟರಲ್ಲಿ ಮಾತ್ರ.

ಇದರ ಕಾರಣವು ಸರಳವಾದುದು. ತುಂಬಿ ಹರಿಯುವ ಕೊಳವೆಯಲ್ಲಿ ಒತ್ತಡವಿರುತ್ತದೆ. ಸಂದು ಬಿಟ್ಟಲ್ಲಿ ನೀರು ಹೊರಗೆ ಸೋರುತ್ತದೆಯೇ ಹೊರತು ಹೊರಗಿನದು ಒಳಗೆ ಬರಲಾರದು. ನೀರು ನಿಂತು ಕೊಳವೆ ಬರಿದಾದಾಗ, ಮಗ್ಗುಲ ಗಟಾರದ ಹೊಲಸು ಅದೇ ಸಂದಿನಿಂದ ಒಳಗೆ ಇಳಿಯುತ್ತದೆ. ಮಳೆಗಾಲದಲ್ಲಿ ಇದು ಇನ್ನಿಷ್ಟು ಹೆಚ್ಚು. ನಳಕ್ಕೆ ನೇರವಾಗಿ ಮೋಟಾರು ಹಚ್ಚಿ ಎಳೆಯುವ ಮಹನೀಯರು ಓಣಿಗೊಬ್ಬರಾದರೂ ಇರುತ್ತಾರಷ್ಟೆ. ತಮ್ಮ ಟಾಕಿಗೆ ನೀರಿನೊಡನೆ ಇನ್ನೇನನ್ನು ಎಳೆದುಕೊಳ್ಳುತ್ತಿದ್ದೇವೆಂಬುದನ್ನು ಅವರು ಯೋಚಿಸಿದಂತಿಲ್ಲ.

ಅದೇ ವಾರ್ಡುಗಳಲ್ಲಿ 3,900ಕ್ಕೂ ಮೇಲ್ಪಟ್ಟು ಕುಟುಂಬಗಳನ್ನು ವಿಚಾರಿಸಿದ ಇನ್ನೊಂದು ಅಧ್ಯಯನವು 2015ರಲ್ಲಿ ಹೊರಬಂದಿತು. ಸತತ ನೀರಿದ್ದಲ್ಲಿ ವಿಷಮಜ್ವರ ಕಂಡ ಮನೆಗಳು ನೂರಕ್ಕೆ 42ರಷ್ಟು ಕಡಿಮೆ; ಬಡವರ ಮಕ್ಕಳಲ್ಲಿ ರಕ್ತಾತಿಸಾರವೂ ಕಡಿಮೆ. ಆದರೆ ಸಾಮಾನ್ಯ ಅತಿಸಾರದಲ್ಲಿ ಒಟ್ಟಾರೆ ಭೇದವೇನೂ ಕಾಣಲಿಲ್ಲ. ಅತಿಸಾರಕ್ಕೆ ಕಾರಣಗಳು ಹಲವು ಇರುವುದು ನಿಜ. ಆದರೂ ಮೊದಲನೆಯ ಪರೀಕ್ಷೆಯಲ್ಲಿ ಕಂಡುಬಂದ ಇನ್ನೊಂದು ಸಂಗತಿಯನ್ನು ಗೃಹಿಣಿಯರು ಮರೆಯಬಾರದು. ನಳದ ಬಾಯಲ್ಲಿ ಹಿಡಿದ ನೀರಿಗಿಂತ, ಮನೆಯವರು ಕುಡಿಯಲೆಂದು ಕೊಟ್ಟ ನೀರಿನಲ್ಲಿ ಜಂತುಗಳು ಹೆಚ್ಚಾಗಿದ್ದವು. ಅದೂ ಎರಡೂ ಕಡೆಯಲ್ಲಿ! ಹಗಲಿರುಳು ನಳ ಹರಿಯುತ್ತಿದ್ದರೂ ಹೆಚ್ಚಿನವರು ಹಳೆಯ ರೂಢಿಯಂತೆ ನೀರನ್ನು ತುಂಬಿಟ್ಟುಕೊಂಡೇ ಕುಡಿಯುತ್ತಿದ್ದರು. ಕೊಡದೊಳಗೆ ಕೈಯೊಡನೆ ತಂಬಿಗೆ ಮುಳುಗಿಸುವುದು ನಮ್ಮಲ್ಲಿ ಯಾರ ಮನೆಯಲ್ಲಿ ಇಲ್ಲ? ಬರೆಯುತ್ತಿರುವವರ ಮನೆಯಲ್ಲಿಯೂ ಇದ್ದಿತೆಂದು ಒಪ್ಪಿಕೊಳ್ಳಲೇಬೇಕು.

ಆದುದರಿಂದ ಆ ತಾಯಿಯವರು ಮಗಳಿಗೆ ಹೀಗೆ ಹೇಳಬಹುದು. ನೀರು ಬಿಟ್ಟೊಡನೆ ಮೊದಲು ಬಂದುದನ್ನು ಕುಡಿಯಲು ಹಿಡಿಯಬೇಡ. ಕೊಳವೆಯಲ್ಲಿ ಕೂಡಿದ ಹೊಲಸು ಅದರೊಡನೆಯೇ ಬರುತ್ತದೆ. ಅದು ಅಂಗಳ ತೊಳೆಯಲು ಆದೀತು. ಧಾರೆ ಬಲವಾಗಿ, ನೀರು ತಿಳಿಯಾದ ಮೇಲೆ ತೊಳೆದ ಪಾತ್ರೆಯಲ್ಲಿ ಹಿಡಿದುಕೋ. ಔಷಧದ ವಾಸನೆ ಬಂದರೆ ಮೂಗು ಮುರಿಯಬೇಡ. ನಮ್ಮ ದೇಶದ ಮಾನಕದಂತೆ ಮನೆಯ ನಳದಲ್ಲಿಯೂ ಲೀಟರಿಗೆ ಕಡಿಮೆಯೆಂದರೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಆದರೆ ತೆರೆದಿಟ್ಟ ನೀರಿನಿಂದ ಅದು ಹಾರಿಹೋಗುತ್ತದೆ. ಬಗ್ಗಡವಿದ್ದರೆ ತಿಳಿಯಾಗಿಸಿ, ಮಡಿಚಿದ ಬಟ್ಟೆಯಲ್ಲಿ ಸೋಸು. ಬಟ್ಟೆಯು ಕಸವನ್ನು ತಡೆಯುತ್ತದೆ, ರೋಗಾಣುಗಳನ್ನಲ್ಲ. ಅವಕ್ಕೆ ಬೆಂಕಿಯೇ ಬೇಕು. ನೀರು ಬಿಸಿಯಾದರೆ ಸಾಲದು, ಕೊತಕೊತನೆ ಕುದಿಬಂದ ಮೇಲೆ ಒಂದು ನಿಮಿಷವಾದರೂ ಕುದಿಯಬೇಕು. ಕುದಿಸಿದ್ದನ್ನು ಅದೇ ಪಾತ್ರೆಯಲ್ಲಿ ಮುಚ್ಚಿಡು. ಉದ್ದ ಹಿಡಿಕೆಯ ಸೌಟಿನಿಂದ ತೆಗೆ, ಇಲ್ಲವೇ ಕೆಳಗೆ ಚಾವಿಯಿರುವ ಪಾತ್ರೆಯನ್ನು ಕೊಂಡುಕೋ. ಅಂಗಡಿಯ ಕ್ಯಾನಿನ ನೀರನ್ನು ತಂದರೂ ಅದಕ್ಕೆ ಕೈ ಅದ್ದಿದರೆ ಕೊಟ್ಟ ಹಣ ದಂಡ.

ಕುದಿಸಿದ ನೀರು ಸಪ್ಪೆಯೆಂದು ಮೊಮ್ಮಗನು ಮುಖ ತಿರುಗಿಸಿಯಾನು. ತಣಿದ ಮೇಲೆ ಎರಡು ಸ್ವಚ್ಛ ತಂಬಿಗೆಗಳ ನಡುವೆ ನಾಲ್ಕಾರು ಸಲ ಎತ್ತಿ ಸುರಿದರೆ ಗಾಳಿ ಬೆರೆತು ರುಚಿ ಮರಳುತ್ತದೆ.