ಮಳೆಮಾಪಕವೂ ಬ್ರೈಲ್ ಓದುಗವೂ

ಮಲೆನಾಡಿನ ಕಾಫಿ ತೋಟದ ಮನೆಗಳಲ್ಲಿ ಮಳೆಯ ಲೆಕ್ಕ ಇವತ್ತಿಗೂ ಇಂಚು, ಸೆಂಟಿನಲ್ಲೇ. ಇಂಚಿಗೆ ನೂರು ಸೆಂಟು. ‘ನಿನ್ನೆ ನಿಮ್ಮಲ್ಲೆಷ್ಟು?’ ಎಂದು ಕೇಳಿದಾಗ ‘ಒಂದೂ ನಲವತ್ತು’ ಅಂದರೆ ಸಾಕು, ತಿಳಿಯುತ್ತದೆ. ಬೆಳಿಗ್ಗೆ ಎದ್ದು ಅಳತೆಗಾಜು ನೋಡಿ ಡೈರಿಯಲ್ಲಿ ಬರೆಯುವುದಕ್ಕೆ ಯಾವ ಡ್ರೈವರೂ ಬೇಡ. ಆ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಲು ಹೊರಟಾಗ ನನಗೆ ಡ್ರೈವರ್, ಅಂದರೆ ಸಾಧನದ ಮಾತನ್ನು ಕಂಪ್ಯೂಟರಿಗೆ ತಿಳಿಸುವ ತಂತ್ರಾಂಶ, ಬೇಕಾಯಿತು.

ನನ್ನದು ಮನೆಯಲ್ಲೇ ಜೋಡಿಸಿದ ಹವಾಮಾನ ಕೇಂದ್ರ. ಪುಟ್ಟ ಬಟ್ಟಲೊಂದು ನೀರು ತುಂಬಿದೊಡನೆ ಮಗುಚಿ ಒಂದು ಎಣಿಕೆ ಕಳಿಸುತ್ತದೆ. ಒಮ್ಮೆ ಮಗುಚಿದರೆ ಸುಮಾರು 0.28 ಮಿಲಿಮೀಟರ್ ಮಳೆ. ಅದರ ಹಿಂದೆ ಅಗ್ಗದ ಆರ್ಡುಯಿನೊ ಬೋರ್ಡು, ಯುಎಸ್‌ಬಿ ಕೇಬಲ್, ಉಬುಂಟು 22.04 ಲಿನಕ್ಸ್ ಹಾಕಿದ ಹಳೇ ಲ್ಯಾಪ್‌ಟಾಪ್, ಅದರೊಳಗೆ ವೀಡಬ್ಲ್ಯೂಎಕ್ಸ್ ಎಂಬ ಪೈಥಾನ್ ತಂತ್ರಾಂಶ. ಡ್ರೈವರ್ ಫೈಲನ್ನು ಅದರ ಜಾಗದಲ್ಲಿಟ್ಟು ಚಾಲೂ ಮಾಡಿದರೆ ಬಂದ ಉತ್ತರ: ಟಿಟಿವೈಯುಎಸ್‌ಬಿ0 ಎಂಬ ಪೋರ್ಟು ಇಲ್ಲವೇ ಇಲ್ಲ. ಡ್ರೈವರ್ ಕೆಟ್ಟಿದೆ ಎಂದುಕೊಂಡು ಎರಡು ಸಂಜೆ ಅದನ್ನೇ ತೆಗೆದೆ, ಹಾಕಿದೆ, ಮತ್ತೆ ತೆಗೆದೆ.

ನಲ್ಲಿಯಲ್ಲಿ ನೀರು ಬರಲಿಲ್ಲವೆಂದು ನಲ್ಲಿಯನ್ನು ಬಿಚ್ಚಿದ ಹಾಗಾಯಿತು. ಕೇಬಲ್ ಚುಚ್ಚಿದಾಗ ಮೊದಲು ಲಿನಕ್ಸಿನ ತಿರುಳಾದ ಕರ್ನಲ್ ಸಾಧನದ ಗುರುತು ಹಿಡಿಯಬೇಕು, ಆಮೇಲೆ ಸಾಧನಗಳ ನಿಯಮ ನೋಡಿಕೊಳ್ಳುವ ಯುಡೆವ್ ಅದನ್ನು ಯಾರು ಮುಟ್ಟಬಹುದೆಂದು ತೀರ್ಮಾನಿಸಬೇಕು, ಪೋರ್ಟು ತೆರೆಯಬೇಕು. ನಮ್ಮ ಹವಾಮಾನದ ಡ್ರೈವರ್ ಸಾಲಿನ ಕೊನೆಯವನು. ಮುಂದೆ ಯಾರು ಎಡವಿದರೂ ದೂರು ಹೇಳುವವನು ಅವನೇ, ಬೈಗುಳ ತಿನ್ನುವವನೂ ಅವನೇ.

ಮೂರನೆಯ ಸಂಜೆ ಕರ್ನಲ್ ಬರೆದಿಟ್ಟ ಟಿಪ್ಪಣಿಗಳನ್ನು, ಡಿಮೆಸೆಜ್ ಆದೇಶ ಕೊಟ್ಟು, ಓದಿದೆ. ಬೋರ್ಡು ಬಂದಿತ್ತು, ಪೋರ್ಟೂ ಹುಟ್ಟಿತ್ತು. ಮರುಗಳಿಗೆಯಲ್ಲೇ ಬಿಆರ್‌ಎಲ್‌ಟಿಟಿವೈ ಎಂಬುದೊಂದು ಅದನ್ನು ಕಸಿದುಕೊಂಡಿತ್ತು, ಪೋರ್ಟು ಮಾಯವಾಗಿತ್ತು. ಇದು ದೃಷ್ಟಿಹೀನರು ಬಳಸುವ ಬ್ರೈಲ್ ಯಂತ್ರಗಳನ್ನು ನಡೆಸುವ ತಂತ್ರಾಂಶ. ನನ್ನ ಬೋರ್ಡಿನ ಸಿಎಚ್340 ಚಿಪ್ಪಿನ ಗುರುತು 1ಎ86:7523. ಇಪ್ಪತ್ತು ಕೋಶಗಳ ಒಂದು ಬ್ರೈಲ್ ಓದುಗ ಯಂತ್ರಕ್ಕೂ ಅದೇ ಸಂಖ್ಯೆ. ಕಂಪ್ಯೂಟರ್ ಮುಖ ನೋಡುವುದಿಲ್ಲ, ನಂಬರ್ ನೋಡುತ್ತದೆ. (ಡಬ್ಲ್ಯೂಎಚ್1080 ಎಂಬ ಹವಾಮಾನ ಕೇಂದ್ರದ ನಂಬರಿನ ಎದುರು ಲಿನಕ್ಸಿನ ಯುಎಸ್‌ಬಿ ಪಟ್ಟಿಯಲ್ಲಿ ‘ಹವಾಮಾನ ಕೇಂದ್ರ / ಕ್ಷಿಪಣಿ ಉಡಾವಕ’ ಎಂದಿದೆ. ಎರಡನೆಯದು ಮೇಜಿನ ಮೇಲಿಡುವ ಆಟಿಕೆ, ಗಾಬರಿ ಬೇಡ.)

ಇದಕ್ಕೆ ಎಲ್ಲರೂ ಹೇಳುವ ಮದ್ದು ಒಂದೇ ಸಾಲಿನದು: ಬಿಆರ್‌ಎಲ್‌ಟಿಟಿವೈಯನ್ನೇ ಕಿತ್ತುಹಾಕಿ. ಕೆಲಸ ಆಗುತ್ತದೆ, ಅದರಲ್ಲಿ ಸುಳ್ಳಿಲ್ಲ. ನನ್ನ ತಕರಾರು ಈ ‘ಕೆಲಸ ಆಯಿತಲ್ಲ’ ಎಂಬ ಮಾತಿನ ಬಗ್ಗೆಯೇ. ಮಳೆ ಅಳೆಯುವುದಕ್ಕಾಗಿ ಕಣ್ಣಿಲ್ಲದವರ ಬಾಗಿಲು ಮುಚ್ಚಿದೆವೆಂಬುದು ಆ ಸಾಲನ್ನು ನಕಲು ಮಾಡುವವನಿಗೆ ಗೊತ್ತೇ ಆಗುವುದಿಲ್ಲ. ಎಲ್ಲ ಆದೇಶಕ್ಕೂ ಮುಂದೆ, ರೂಟ್ ಎಂಬ ಸರ್ವಾಧಿಕಾರಿಯ ಹಕ್ಕು ಕೊಡುವ ಸುಡೊ ಸೇರಿಸುವುದೂ ಇದೇ ಜಾತಿಯದು. 2024ರಲ್ಲಿ ಬಂದ ಐದನೆಯ ಆವೃತ್ತಿಯಿಂದ ವೀಡಬ್ಲ್ಯೂಎಕ್ಸನ್ನು ಪ್ಯಾಕೇಜಾಗಿ ಹೊಸದಾಗಿ ಹಾಕಿಕೊಂಡರೆ ಅದು ರೂಟ್ ಆಗಿ ಓಡದೆ ತನ್ನದೇ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ. ಅನುಮತಿ ಇಲ್ಲವೆಂದಾಗ ಸಿಟ್ಟಿನಿಂದ ಸುಡೊ ಕೊಟ್ಟು ಒಮ್ಮೆ ಓಡಿಸಿದಿರೆನ್ನಿ: ಅಂಕಿಗಳು ಬರುತ್ತವೆ, ಡೇಟಾಬೇಸ್ ಫೈಲು ರೂಟ್ ಹೆಸರಿನಲ್ಲಿ ಹುಟ್ಟುತ್ತದೆ, ಮಾರನೆಯ ದಿನ ಸೇವೆ ತಾನಾಗಿ ಶುರುವಾದಾಗ ಅದರಲ್ಲಿ ಬರೆಯಲು ಆಗುವುದಿಲ್ಲ. ಒಂದು ತೊಂದರೆ ಇದ್ದ ಕಡೆ ಎರಡು.

‘ತೋಟದವನಿಗೆ ಬೇಕಾದ್ದು ಮಳೆ ಎಷ್ಟಾಯಿತೆಂಬ ಲೆಕ್ಕ, ಲಿನಕ್ಸಿನ ಪಾಠವಲ್ಲ’ ಎಂದು ನನ್ನ ಭಾವ ಹೇಳುತ್ತಾರೆ. ಒಪ್ಪುತ್ತೇನೆ. ಇವತ್ತಿನ ಮಳೆ ಮಾತ್ರ ಬೇಕಿದ್ದರೆ ಗಾಜಿನ ಮಾಪಕಕ್ಕಿಂತ ಒಳ್ಳೆಯದಿಲ್ಲ. ಆದರೆ ಯಂತ್ರ ಇಡುವುದು ವರ್ಷಗಟ್ಟಲೆಯ ದಾಖಲೆಗಾಗಿ. ಅಪ್ಪ ಡೈರಿಯಲ್ಲಿ ಮಳೆ ಬಾರದ ದಿನ ‘ನಿಲ್’ ಎಂದು ಬರೆಯುತ್ತಿದ್ದರು. ಬರೆಯಲು ಮರೆತ ದಿನ ಖಾಲಿ ಬಿಟ್ಟಿರುತ್ತಿದ್ದರು. ಎರಡರ ವ್ಯತ್ಯಾಸ ಓದಿದವನಿಗೆ ಕಾಣುತ್ತಿತ್ತು. ಯಂತ್ರದ ಲೆಕ್ಕದಲ್ಲಿ ಹಾಗಲ್ಲ: ಜುಲೈಯಲ್ಲಿ ಡ್ರೈವರ್ ಮೂರು ದಿನ ಸತ್ತು ಮಲಗಿದ್ದರೆ ತಿಂಗಳ ಮೊತ್ತದಲ್ಲಿ ಆ ಮೂರು ದಿನ ಒಣಗಿದ ದಿನಗಳಂತೆಯೇ ಕಾಣುತ್ತವೆ. ಏಕೆ ನಿಂತಿತು, ಹೇಗೆ ಹೊರಟಿತು ಎಂದು ಗೊತ್ತಿಲ್ಲದ ದುರಸ್ತಿ ಮುಂದಿನ ಅಪ್‌ಡೇಟಿನಲ್ಲಿ ಮತ್ತೆ ಕೈಕೊಡುತ್ತದೆ, ಆಗ ಎಲ್ಲಿಂದ ಹುಡುಕಬೇಕೆಂಬುದೂ ನೆನಪಿರುವುದಿಲ್ಲ.

ಕೊನೆಗೆ ನಾನು ಮಾಡಿದ್ದು ಇಷ್ಟೆ. ಬ್ರೈಲ್ ನಿಯಮಗಳ ಫೈಲಿನ ಪ್ರತಿಯನ್ನು ಅದೇ ಹೆಸರಿನಲ್ಲಿ ಇಟಿಸಿ ಫೋಲ್ಡರಿನ ಯುಡೆವ್ ನಿಯಮಗಳ ಜೊತೆ ಇಟ್ಟೆ. ಅಲ್ಲಿದ್ದರೆ ಅದರದೇ ಮಾತು ನಡೆಯುತ್ತದೆ, ಅಪ್‌ಡೇಟೂ ಅದನ್ನು ಅಳಿಸುವುದಿಲ್ಲ. ಆ ಪ್ರತಿಯಲ್ಲಿ 7523ರ ಒಂದು ಸಾಲಿನ ಮುಂದೆ ಮಾತ್ರ ಹ್ಯಾಶ್ ಗುರುತು ಹಾಕಿದೆ. ಉಳಿದ ಬ್ರೈಲ್ ಯಂತ್ರಗಳ ಸಾಲುಗಳು ಹಾಗೇ ಇವೆ. ಕೇಬಲ್ ಕಿತ್ತು ಮತ್ತೆ ಚುಚ್ಚಿದೆ, ಏಕೆಂದರೆ ನಿಯಮಗಳು ಅನ್ವಯವಾಗುವುದು ಸಾಧನ ಒಳಗೆ ಬರುವ ಗಳಿಗೆಯಲ್ಲಿ. ಚೊಂಬಿನಿಂದ ಒಂದಿಷ್ಟು ನೀರು ಸುರಿದಾಗ ಬಟ್ಟಲು ಟಕ್ಕೆಂದಿತು, ಪರದೆಯ ಮೇಲೆ 0.28 ಬಂತು.

ಅಪ್ಪನ ಕಾಲದ ಆ ಡೈರಿ ಇನ್ನೂ ನಡೆಯುತ್ತಿದೆ. ಅವತ್ತಿನ ಪುಟದಲ್ಲಿ ‘ನಿಲ್’ ಎಂದು ಬರೆದು, ಪಕ್ಕದಲ್ಲಿ ‘ಚೊಂಬಿನ ನೀರು 0.28, ಲೆಕ್ಕಕ್ಕಿಲ್ಲ. ಬ್ರೈಲ್ ಫೈಲಿನಲ್ಲಿ ಒಂದು ಸಾಲು ಮುಚ್ಚಿದೆ’ ಎಂದು ಸೇರಿಸಿದೆ.