ದುಬಾರಿ ಕೇಬಲ್ ಹಾಕಿದರೆ ಮಾನಿಟರ್‌ನಲ್ಲಿ ಚಿತ್ರ ಚೆನ್ನಾಗಿ ಕಾಣುತ್ತದೆಯೇ?

ಹೊಸದಾಗಿ 4ಕೆ ಮಾನಿಟರ್ ಕೊಂಡ ಹಲವರಿಗೆ ಮೊದಲ ವಾರದಲ್ಲೇ ಒಂದು ತಲೆನೋವು ಶುರುವಾಗುತ್ತದೆ. ಕೆಲಸ ಮಾಡುತ್ತಿರುವಾಗಲೇ ಪರದೆ ಎರಡು ಸೆಕೆಂಡ್ ಕಪ್ಪಾಗಿ ಮತ್ತೆ ಬರುತ್ತದೆ. ಕೆಲವರಿಗೆ ಕಪ್ಪು ಹಿನ್ನೆಲೆಯ ಮೇಲೆ ಸಣ್ಣ ಬಿಳಿ ಚುಕ್ಕೆಗಳು ಮಿಣುಕುತ್ತವೆ. ಇನ್ನು ಕೆಲವರಿಗೆ ಎಲ್ಲವೂ ಸರಿಯಿದ್ದಂತೆ ಕಂಡರೂ ಮೌಸ್‌ನ ಬಾಣ ಮಾತ್ರ ತಡವರಿಸುತ್ತಾ ಓಡಾಡುತ್ತದೆ. ಮಾನಿಟರ್‌ನಲ್ಲೇ ದೋಷ ಎಂದು ಒಬ್ಬರು, ಗ್ರಾಫಿಕ್ಸ್ ಕಾರ್ಡ್ ಹೋಯಿತು ಎಂದು ಇನ್ನೊಬ್ಬರು ಹೇಳುತ್ತಾರೆ. ಮೂರನೆಯವರು ‘ಚಿನ್ನದ ಲೇಪನ ಇರುವ ಒಳ್ಳೆಯ ಕೇಬಲ್ ಹಾಕಿ, ಕಲರ್ ಕೂಡ ಚೆನ್ನಾಗಿ ಬರುತ್ತೆ’ ಎನ್ನುತ್ತಾರೆ. ಇದೇ ಸಲಹೆ ವಾಟ್ಸಾಪ್ ಗುಂಪುಗಳಲ್ಲಿ, ಶಾರ್ಟ್ ವಿಡಿಯೊಗಳಲ್ಲಿ ಬೇರೆ ಬೇರೆ ವೇಷದಲ್ಲಿ ಸುತ್ತುತ್ತಿರುತ್ತದೆ.

ಇದರಲ್ಲಿ ನಿಜ ಎಷ್ಟು? ಕೇಬಲ್‌ನಿಂದ ತೊಂದರೆ ಆಗಬಹುದು ಎಂಬುದು ಪೂರ್ತಿ ನಿಜ. ಒಳ್ಳೆಯ ಕೇಬಲ್‌ನಿಂದ ಬಣ್ಣ ಚೆನ್ನಾಗುತ್ತದೆ ಎಂಬುದು ಸುಳ್ಳು. ಈ ಎರಡೂ ಮಾತು ಒಟ್ಟಿಗೆ ಹೇಗೆ ಸರಿಯಾಗುತ್ತವೆ ಎಂಬುದನ್ನು ನೋಡೋಣ. ಇದು ತಿಳಿಯದೆ ಸಾವಿರಾರು ರೂಪಾಯಿಯ ಒಳ್ಳೆಯ ಮಾನಿಟರನ್ನು ಸರ್ವಿಸ್‌ಗೆ ಕಳುಹಿಸುವವರೂ ಇದ್ದಾರೆ, ಬೇಡದ ಕೇಬಲ್‌ಗೆ ದುಡ್ಡು ಸುರಿಯುವವರೂ ಇದ್ದಾರೆ.

ಈ ನಂಬಿಕೆ ಹುಟ್ಟಿದ್ದು ಎಲ್ಲಿಂದ?

ಹಳೆಯ ಕಂಪ್ಯೂಟರ್‌ಗಳಲ್ಲಿ ನೀಲಿ ಬಣ್ಣದ, ಎರಡೂ ಬದಿಗೆ ಸ್ಕ್ರೂ ಇರುವ ವಿಜಿಎ ಪ್ಲಗ್ ಇರುತ್ತಿತ್ತಲ್ಲ, ಅದು ಅನಲಾಗ್. ಅದರಲ್ಲಿ ವೋಲ್ಟೇಜಿನ ಏರಿಳಿತವೇ ಬಣ್ಣ. ತಂತಿ ಕಳಪೆಯಾದರೆ ವೋಲ್ಟೇಜ್ ಸ್ವಲ್ಪ ಕುಗ್ಗುತ್ತಿತ್ತು, ಅಕ್ಷರದ ಪಕ್ಕದಲ್ಲಿ ನೆರಳು ಬೀಳುತ್ತಿತ್ತು, ಚಿತ್ರ ಮಸುಕಾಗುತ್ತಿತ್ತು. ಆಗ ‘ಒಳ್ಳೆಯ ಕೇಬಲ್, ಒಳ್ಳೆಯ ಚಿತ್ರ’ ಎಂಬ ಮಾತಿಗೆ ಅರ್ಥವಿತ್ತು.

ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್ ಡಿಜಿಟಲ್. ಇವುಗಳಲ್ಲಿ ಹರಿಯುವುದು ಬಣ್ಣವಲ್ಲ, ಅಂಕಿಗಳು. ಫೋನಿನಲ್ಲಿ ಯಾರೋ ಒಬ್ಬರು ಮೊಬೈಲ್ ನಂಬರ್ ಹೇಳುತ್ತಿದ್ದಾರೆ ಎಂದುಕೊಳ್ಳಿ. ಹತ್ತು ಅಂಕಿ ಸರಿಯಾಗಿ ಕೇಳಿಸಿದರೆ ಮುಗಿಯಿತು. ಧ್ವನಿ ಇನ್ನಷ್ಟು ಇಂಪಾಗಿದ್ದರೆ ನಂಬರ್ ಇನ್ನಷ್ಟು ಉತ್ತಮವಾಗುವುದಿಲ್ಲ. ಲೈನ್ ತೀರಾ ಕೆಟ್ಟದಾಗಿದ್ದರೆ ಮಾತ್ರ ಒಂದೆರಡು ಅಂಕಿ ತಪ್ಪಿ ಕರೆ ಬೇರೆಲ್ಲಿಗೋ ಹೋಗುತ್ತದೆ. ಕೇಬಲ್‌ನ ಕತೆಯೂ ಇಷ್ಟೇ. ಅಂಕಿಗಳು ಸರಿಯಾಗಿ ತಲುಪುವವರೆಗೆ ಅಗ್ಗದ ಕೇಬಲ್‌ಗೂ ದುಬಾರಿ ಕೇಬಲ್‌ಗೂ ಪರದೆಯ ಮೇಲೆ ಒಂದು ಚುಕ್ಕೆಯ ವ್ಯತ್ಯಾಸವೂ ಇರುವುದಿಲ್ಲ. ತಪ್ಪತೊಡಗಿದಾಗ ಮಸುಕಾಗುವುದಿಲ್ಲ, ಚುಕ್ಕೆಗಳು ಮಿಣುಕುತ್ತವೆ, ಪರದೆ ಕಪ್ಪಾಗುತ್ತದೆ, ಕೊನೆಗೆ ‘ನೋ ಸಿಗ್ನಲ್’ ಬರುತ್ತದೆ.

ಚಿನ್ನದ ಲೇಪನದ ಉಪಯೋಗ ಒಂದೇ: ಪ್ಲಗ್‌ನ ಲೋಹಕ್ಕೆ ಕಿಲುಬು ಹಿಡಿಯದಂತೆ ತಡೆಯುವುದು. ತೇವ ಹೆಚ್ಚಿರುವ ಕರಾವಳಿಯ ಮನೆಗಳಲ್ಲಿ ಅದು ಒಳ್ಳೆಯದೇ. ಆದರೆ ಅದಕ್ಕೂ ಚಿತ್ರಕ್ಕೂ ಸಂಬಂಧವಿಲ್ಲ. ಕೇಬಲ್‌ನ ಮೇಲೆ ಸುತ್ತಿದ ನೈಲಾನ್ ಹೆಣಿಗೆಯೂ ಹಾಗೆಯೇ, ಅದು ಬಾಳಿಕೆಗೆ.

ಹಳೆಯ ಕೇಬಲ್ ಈಗ ಏಕೆ ಕೈಕೊಡುತ್ತದೆ?

‘ಇದೇ ಕೇಬಲ್ ಟಿವಿಗೆ ಐದು ವರ್ಷ ಚೆನ್ನಾಗಿ ಕೆಲಸ ಮಾಡಿದೆ, ಹಾಗಾಗಿ ಮಾನಿಟರ್‌ನದ್ದೇ ತಪ್ಪು’ ಎಂಬ ವಾದ ಸಾಮಾನ್ಯ. ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. ಫುಲ್ ಎಚ್‌ಡಿ ಪರದೆಯಲ್ಲಿ 1920 ಗುಣಿಸು 1080, ಅಂದರೆ 20,73,600 ಚುಕ್ಕೆಗಳಿವೆ. 4ಕೆ ಪರದೆಯಲ್ಲಿ 3840 ಗುಣಿಸು 2160, ಅಂದರೆ 82,94,400. ಸರಿಯಾಗಿ ನಾಲ್ಕು ಪಟ್ಟು. ಒಂದೊಂದು ಚುಕ್ಕೆಯ ಬಣ್ಣ ಹೇಳಲು 24 ಬಿಟ್ ಬೇಕು, ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತದೆ. ಗುಣಿಸಿದರೆ 4ಕೆಗೆ ಸೆಕೆಂಡಿಗೆ ಸುಮಾರು 1,194 ಕೋಟಿ ಬಿಟ್, ಅಂದರೆ ಹತ್ತಿರಹತ್ತಿರ 12 ಗಿಗಾಬಿಟ್. ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವಿಗೂ ಸಮಯ ಬೇಕು. ಜೊತೆಗೆ ಎಚ್‌ಡಿಎಂಐ ಪ್ರತಿ 8 ಬಿಟ್ಟನ್ನು 10 ಬಿಟ್ಟಾಗಿ ಕಳುಹಿಸುತ್ತದೆ. ಎಲ್ಲ ಸೇರಿ 17.82 ಗಿಗಾಬಿಟ್ ಆಗುತ್ತದೆ. ಇದೇ ಲೆಕ್ಕದಲ್ಲಿ ಫುಲ್ ಎಚ್‌ಡಿಗೆ ಬೇಕಾದದ್ದು ಬರೀ 4.46 ಗಿಗಾಬಿಟ್.

ಹಳೆಯ ‘ಹೈ ಸ್ಪೀಡ್’ ಕೇಬಲ್‌ಗಳನ್ನು ಪರೀಕ್ಷಿಸುತ್ತಿದ್ದುದು 10.2 ಗಿಗಾಬಿಟ್‌ವರೆಗೆ. ಟಿವಿಗೆ ಅದು ಧಾರಾಳ. 4ಕೆಯಲ್ಲಿ ಸೆಕೆಂಡಿಗೆ 30 ಚಿತ್ರಕ್ಕೂ ಸಾಕು, ಅದಕ್ಕೆ 8.91 ಗಿಗಾಬಿಟ್ ಬೇಕು. 60 ಚಿತ್ರಕ್ಕೆ ಸಾಕಾಗುತ್ತದೆ ಎಂಬ ಭರವಸೆ ಇಲ್ಲ. ಕೆಲವು ಹಳೆಯ ಕೇಬಲ್‌ಗಳು ಅದೃಷ್ಟಕ್ಕೆ ನಡೆಯುತ್ತವೆ, ಕೆಲವು ಬೆಳಿಗ್ಗೆ ನಡೆದು ಸಂಜೆ ಮುನಿಸಿಕೊಳ್ಳುತ್ತವೆ. ಇಲ್ಲಿ ಇನ್ನೊಂದು ತಮಾಷೆ ಇದೆ. ಈ 18 ಗಿಗಾಬಿಟ್‌ನ ಪದ್ಧತಿಯಲ್ಲಿ ಕಂಪ್ಯೂಟರ್ ‘ನೀನು ಎಷ್ಟು ತಾಳುತ್ತೀ’ ಎಂದು ಮಾನಿಟರನ್ನು ಕೇಳುತ್ತದೆ, ಕೇಬಲನ್ನು ಕೇಳುವುದಿಲ್ಲ. ಮಾಮೂಲಿ ಎಚ್‌ಡಿಎಂಐ ಕೇಬಲ್‌ನಲ್ಲಿ ಉತ್ತರ ಹೇಳುವ ಚಿಪ್ ಕೂಡ ಇರುವುದಿಲ್ಲ. ಮಾನಿಟರ್ ಹೂಂ ಎಂದ ಕೂಡಲೇ ಕಂಪ್ಯೂಟರ್ ಅಷ್ಟನ್ನೂ ಸುರಿಯುತ್ತದೆ, ನಡುವಿನ ಕೇಬಲ್ ಒದ್ದಾಡುತ್ತದೆ. ಡಿಸ್‌ಪ್ಲೇಪೋರ್ಟ್ ಇದಕ್ಕಿಂತ ಜಾಣ: ಮೊದಲು ಪರೀಕ್ಷೆಯ ಸಂಕೇತ ಕಳುಹಿಸಿ, ಅದು ಸರಿಯಾಗಿ ತಲುಪದಿದ್ದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಪೆಟ್ಟಿಗೆಯ ಮೇಲೆ ಏನು ನೋಡಬೇಕು?

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಎಚ್‌ಡಿಎಂಐ ಕೇಬಲ್‌ಗಳ ಮೇಲೆ ‘2.0’, ‘2.1’, ‘4ಕೆ’, ‘8ಕೆ’ ಎಂಬ ಅಕ್ಷರಗಳು ದೊಡ್ಡದಾಗಿ ಕಾಣುತ್ತವೆ. ಇವುಗಳನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. 2.0 ಬಂದದ್ದು 2013ರಲ್ಲಿ, 2.1 ಬಂದದ್ದು 2017ರಲ್ಲಿ, ಆದರೆ ಅವು ಕಂಪ್ಯೂಟರ್, ಮಾನಿಟರ್‌ಗಳು ಪಾಲಿಸಬೇಕಾದ ನಿಯಮಾವಳಿಯ ಸಂಖ್ಯೆಗಳು. ಕೇಬಲ್‌ಗೆ ಆ ಸಂಖ್ಯೆ ಹಾಕಬಾರದು ಎಂದು ಎಚ್‌ಡಿಎಂಐಗೆ ಪರವಾನಗಿ ಕೊಡುವ ಸಂಸ್ಥೆಯೇ ಹೇಳುತ್ತದೆ. ಕೇಬಲ್‌ಗಳಿಗೆ ಇರುವುದು ದರ್ಜೆಯ ಹೆಸರು. ‘ಪ್ರೀಮಿಯಂ ಹೈ ಸ್ಪೀಡ್’ ಎಂದರೆ 18 ಗಿಗಾಬಿಟ್‌ಗೆ ಪರೀಕ್ಷೆಯಾದದ್ದು. ‘ಅಲ್ಟ್ರಾ ಹೈ ಸ್ಪೀಡ್’ ಎಂದರೆ 48 ಗಿಗಾಬಿಟ್‌ಗೆ. 4ಕೆಯಲ್ಲಿ 60 ಹರ್ಟ್ಜ್‌ಗೆ ಮೊದಲನೆಯದು ಸಾಕು. 120 ಅಥವಾ 144 ಹರ್ಟ್ಜ್‌ನ ಗೇಮಿಂಗ್ ಮಾನಿಟರ್ ಆದರೆ ಎರಡನೆಯದು ಬೇಕು.

ಈ ಹೆಸರನ್ನೂ ಸುಮ್ಮನೆ ಅಚ್ಚು ಹಾಕಿಸಬಹುದಲ್ಲ ಎಂದು ನೀವು ಕೇಳಬಹುದು. ಅದಕ್ಕೇ ಈ ಎರಡು ದರ್ಜೆಗಳ ಪೆಟ್ಟಿಗೆಯ ಮೇಲೆ ಕ್ಯೂಆರ್ ಕೋಡ್ ಇರುವ ಪ್ರಮಾಣಪತ್ರದ ಲೇಬಲ್ ಇರಬೇಕು. ಎಚ್‌ಡಿಎಂಐ ಸಂಸ್ಥೆಯದೇ ಆದ ಕೇಬಲ್ ಪರೀಕ್ಷಾ ಆ್ಯಪ್ ಆಂಡ್ರಾಯ್ಡ್‌ನಲ್ಲೂ ಐಫೋನ್‌ನಲ್ಲೂ ಉಚಿತ. ಅದರಲ್ಲಿ ಸ್ಕ್ಯಾನ್ ಮಾಡಿ, ಬಂದ ಬ್ರ್ಯಾಂಡ್, ಮಾದರಿ ಕೈಯಲ್ಲಿರುವ ಪೆಟ್ಟಿಗೆಗೆ ಹೊಂದುತ್ತದೆಯೇ ನೋಡಿ. ಫೋನಿನ ಮಾಮೂಲಿ ಕ್ಯಾಮೆರಾದಲ್ಲಿ ಸ್ಕ್ಯಾನ್ ಮಾಡಿದರೆ ಉಪಯೋಗವಿಲ್ಲ, ನಕಲಿ ಕೋಡ್ ನಿಮ್ಮನ್ನು ಯಾವ ವೆಬ್‌ಸೈಟ್‌ಗೆ ಬೇಕಾದರೂ ಕರೆದೊಯ್ಯಬಲ್ಲದು. ಪೆಟ್ಟಿಗೆ ಇಲ್ಲದೆ ರಬ್ಬರ್ ಬ್ಯಾಂಡ್ ಸುತ್ತಿ ಕೊಡುವ ಬಿಡಿ ಕೇಬಲ್‌ಗೆ ಈ ಪರೀಕ್ಷೆ ಸಾಧ್ಯವೇ ಇಲ್ಲ. ಅಂಥದ್ದು ಚೆನ್ನಾಗಿಯೂ ಇರಬಹುದು, ಆದರೆ ತಿಳಿಯುವುದು ಮನೆಗೆ ಹೋದ ಮೇಲೆ.

ಉದ್ದದ ವಿಷಯದಲ್ಲಿ ಆಸೆ ಬೇಡ. ತಂತಿ ಉದ್ದವಾದಷ್ಟೂ ಸಂಕೇತ ಕುಗ್ಗುತ್ತದೆ, ವೇಗ ಹೆಚ್ಚಾದಷ್ಟೂ ಇನ್ನೂ ಬೇಗ ಕುಗ್ಗುತ್ತದೆ. ಮೇಜಿನ ಮೇಲಿನ ಮಾನಿಟರ್‌ಗೆ ಒಂದೂವರೆ, ಎರಡು ಮೀಟರ್ ಸಾಕು. ‘ಮುಂದೆ ಬೇಕಾಗಬಹುದು’ ಎಂದು ಐದು ಮೀಟರ್ ತಂದು ಸುರುಳಿ ಸುತ್ತಿ ಇಡುವುದು ತೊಂದರೆಯನ್ನು ದುಡ್ಡು ಕೊಟ್ಟು ಕರೆಸಿಕೊಂಡಂತೆ. ನಿಜಕ್ಕೂ ದೂರ ಇದ್ದರೆ ಒಳಗೆ ಚಿಪ್ ಇರುವ ಆ್ಯಕ್ಟಿವ್ ಕೇಬಲ್ ಅಥವಾ ಆಪ್ಟಿಕಲ್ ಕೇಬಲ್ ಬೇಕು. ಅವುಗಳಿಗೆ ದಿಕ್ಕು ಇರುತ್ತದೆ: ‘ಸೋರ್ಸ್’ ಎಂದು ಬರೆದ ತುದಿ ಕಂಪ್ಯೂಟರ್‌ಗೆ, ‘ಡಿಸ್‌ಪ್ಲೇ’ ಎಂದು ಬರೆದ ತುದಿ ಮಾನಿಟರ್‌ಗೆ. ತಿರುಗಿಸಿ ಹಾಕಿದರೆ ಏನೂ ಬರುವುದಿಲ್ಲ, ಕೇಬಲ್ ಕೆಟ್ಟಿದೆ ಎಂದು ವಾಪಸ್ ಮಾಡುವ ಮೊದಲು ಇದನ್ನೊಮ್ಮೆ ನೋಡಿ.

ಡಿಸ್‌ಪ್ಲೇಪೋರ್ಟ್ ಮತ್ತು ಇಪ್ಪತ್ತನೆಯ ಪಿನ್

ಡಿಸ್‌ಪ್ಲೇಪೋರ್ಟ್‌ನ ನಿಯಮಗಳನ್ನು ಮಾಡುವುದು ವೆಸಾ ಎಂಬ ಸಂಸ್ಥೆ. ಅದು ಪರೀಕ್ಷಿಸಿ ಒಪ್ಪಿದ ಕೇಬಲ್‌ಗಳಿಗೆ ‘ಡಿಪಿ8ಕೆ’, ಅದಕ್ಕಿಂತ ಹೆಚ್ಚಿನ ವೇಗಕ್ಕೆ ‘ಡಿಪಿ40’, ‘ಡಿಪಿ80’ ಎಂಬ ಹೆಸರುಗಳಿವೆ. ಇಂದು ಮನೆಗಳಲ್ಲಿರುವ ಬಹುಪಾಲು 4ಕೆ ಮಾನಿಟರ್‌ಗಳಿಗೆ ಡಿಪಿ8ಕೆ ಸಾಕು.

ಇಲ್ಲಿ ಪ್ರಮಾಣೀಕೃತ ಕೇಬಲ್ ಬೇಕು ಎನ್ನಲು ಚಿತ್ರಕ್ಕಿಂತ ದೊಡ್ಡ ಕಾರಣವಿದೆ. ಡಿಸ್‌ಪ್ಲೇಪೋರ್ಟ್ ಪ್ಲಗ್‌ನಲ್ಲಿ 20 ಪಿನ್‌ಗಳಿವೆ. ಇಪ್ಪತ್ತನೆಯದರಲ್ಲಿ 3.3 ವೋಲ್ಟ್ ವಿದ್ಯುತ್ ಇರುತ್ತದೆ, ಅದು ಅಡಾಪ್ಟರ್‌ಗಳನ್ನು ನಡೆಸಲು. ಕಂಪ್ಯೂಟರ್ ಕಡೆಯಲ್ಲೂ ಈ ವಿದ್ಯುತ್ ಇದೆ, ಮಾನಿಟರ್ ಕಡೆಯಲ್ಲೂ ಇದೆ. ಹಾಗಾಗಿ ಮಾಮೂಲಿ ಕೇಬಲ್‌ನಲ್ಲಿ ಈ ಎರಡು ಪಿನ್‌ಗಳನ್ನು ಜೋಡಿಸಲೇಬಾರದು ಎಂಬುದು ನಿಯಮ. ಕೆಲವು ಕಳಪೆ ಕೇಬಲ್‌ಗಳಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ತಂತಿ ಎಳೆದಿರುತ್ತಾರೆ. ಆಗ ಮಾನಿಟರ್‌ನ ವಿದ್ಯುತ್ ಹಿಂದಕ್ಕೆ ಹರಿದು ಗ್ರಾಫಿಕ್ಸ್ ಕಾರ್ಡಿಗೆ ನುಗ್ಗುತ್ತದೆ. ಕಂಪ್ಯೂಟರ್ ಆಫ್ ಆಗಿದ್ದರೂ ಒಳಗೆ ದೀಪ ಉರಿಯುವುದು, ಕೇಬಲ್ ತೆಗೆದರೆ ಮಾತ್ರ ಕಂಪ್ಯೂಟರ್ ಶುರುವಾಗುವುದು ಇದರ ಲಕ್ಷಣಗಳು. ಹೀಗೆ ಕಂಡರೆ ಆ ಕೇಬಲನ್ನು ಆ ಕ್ಷಣವೇ ತೆಗೆದುಬಿಡಿ. ಮಲ್ಟಿಮೀಟರ್ ಇರುವ ರಿಪೇರಿಯವರು ಎರಡೂ ತುದಿಯ ಇಪ್ಪತ್ತನೆಯ ಪಿನ್ ಮುಟ್ಟಿಸಿ ಒಂದು ನಿಮಿಷದಲ್ಲಿ ಖಚಿತಪಡಿಸಬಲ್ಲರು: ಸಂಪರ್ಕ ಇರಬಾರದು.

ಟೈಪ್-ಸಿ ಎಂದರೆ ಎಲ್ಲವೂ ಒಂದೇ ಅಲ್ಲ

ಲ್ಯಾಪ್‌ಟಾಪ್‌ನಿಂದ ಮಾನಿಟರ್‌ಗೆ ಒಂದೇ ಟೈಪ್-ಸಿ ಕೇಬಲ್ ಸಾಕು ಎಂಬುದು ನಿಜ, ಆದರೆ ಯಾವುದೋ ಒಂದು ಟೈಪ್-ಸಿ ಅಲ್ಲ. ಫೋನಿನ ಚಾರ್ಜರ್ ಜೊತೆ ಬರುವ ಕೇಬಲ್‌ನ ಒಳಗೆ ಸಾಮಾನ್ಯವಾಗಿ ಇರುವುದು ವಿದ್ಯುತ್ತಿನ ತಂತಿ ಮತ್ತು 480 ಮೆಗಾಬಿಟ್‌ನ ಹಳೆಯ ಯುಎಸ್‌ಬಿ 2.0 ತಂತಿ. ವಿಡಿಯೊ ಒಯ್ಯುವ ವೇಗದ ಜೋಡಿ ತಂತಿಗಳು ಅದರಲ್ಲಿ ಇರುವುದೇ ಇಲ್ಲ. ‘240 ವಾಟ್’ ಎಂದು ಬರೆದಿದ್ದರೂ ಅದು ಚಾರ್ಜಿಂಗ್‌ನ ಮಾತು, ಚಿತ್ರದ ಮಾತಲ್ಲ. ಕೇಬಲ್ ಸರಿಯಿದ್ದರೂ ಲ್ಯಾಪ್‌ಟಾಪ್ ಅಥವಾ ಫೋನಿನ ಆ ಕಿಂಡಿಗೆ ವಿಡಿಯೊ ಕಳುಹಿಸುವ ಸಾಮರ್ಥ್ಯ ಬೇಕು, ಎಲ್ಲದಕ್ಕೂ ಅದು ಇರುವುದಿಲ್ಲ.

ಮೌಸ್ ತಡವರಿಸುವ ತೊಂದರೆಯ ಮೂಲವೂ ಎಷ್ಟೋ ಸಲ ಇಲ್ಲೇ. ಅಗ್ಗದ ಟೈಪ್-ಸಿ ಹಬ್‌ಗಳು ಇರುವ ನಾಲ್ಕು ದಾರಿಗಳಲ್ಲಿ ಎರಡನ್ನು ಪೆನ್‌ಡ್ರೈವ್ ಮುಂತಾದವಕ್ಕೆ ಕೊಟ್ಟು, ಉಳಿದ ಎರಡರಲ್ಲಿ ಚಿತ್ರ ಕಳುಹಿಸುತ್ತವೆ. ಹಳೆಯ ವೇಗದಲ್ಲಿ ಎರಡು ದಾರಿಗೆ ಹಿಡಿಸುವುದು 8.64 ಗಿಗಾಬಿಟ್, ಅಂದರೆ 4ಕೆಗೆ 30 ಹರ್ಟ್ಜ್ ಮಾತ್ರ. ಅಲ್ಲಿಗೆ ಎಷ್ಟು ಒಳ್ಳೆಯ ಎಚ್‌ಡಿಎಂಐ ಕೇಬಲ್ ಹಾಕಿದರೂ 60 ಬರುವುದಿಲ್ಲ. ಹಬ್‌ನ ವಿವರದಲ್ಲಿ ‘4ಕೆ 30 ಹರ್ಟ್ಜ್’ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ನಮ್ಮ ಕಣ್ಣಿಗೆ ಬೀಳುವುದು 4ಕೆ ಮಾತ್ರ.

ತಪ್ಪು ಯಾರದು ಎಂದು ಪತ್ತೆ ಮಾಡುವುದು

ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್ ನೋಡಿ. 60 ಇದ್ದು ಪರದೆ ಆಗಾಗ ಕಪ್ಪಾಗುತ್ತಿದ್ದರೆ ಅದನ್ನು 30ಕ್ಕೆ ಇಳಿಸಿ ಒಂದು ಗಂಟೆ ಕೆಲಸ ಮಾಡಿ. ತೊಂದರೆ ಪೂರ್ತಿ ನಿಂತರೆ ಮಾನಿಟರ್‌ನ ಪರದೆಯಲ್ಲಿ ದೋಷವಿರುವ ಸಾಧ್ಯತೆ ಕಡಿಮೆ, ಅನುಮಾನ ಕೇಬಲ್, ಹಬ್ ಅಥವಾ ಅಡಾಪ್ಟರ್ ಮೇಲೆ. ನಡುವಿನ ಅಡಾಪ್ಟರ್ ಎಲ್ಲ ತೆಗೆದು, ಮಾನಿಟರ್‌ನ ಪೆಟ್ಟಿಗೆಯಲ್ಲೇ ಬಂದ ಕೇಬಲ್ ನೇರವಾಗಿ ಹಾಕಿ ನೋಡಿ. ಹೊಸ ಕೇಬಲ್ ಕೊಂಡಿದ್ದರೆ ಈ ಪರೀಕ್ಷೆಯನ್ನು ವಾಪಸ್ ಮಾಡುವ ಗಡುವಿನೊಳಗೇ, ಮಾನಿಟರ್ ತಾಳುವ ಅತಿ ಹೆಚ್ಚಿನ ರಿಫ್ರೆಶ್ ರೇಟ್ ಇಟ್ಟು ಮಾಡಬೇಕು.

ಕುರ್ಚಿಯಿಂದ ಎದ್ದಾಗಲೋ ಕೂತಾಗಲೋ ಪರದೆ ಕಪ್ಪಾದರೆ ನಗಬೇಡಿ, ಇದು ನಿಜಕ್ಕೂ ಆಗುತ್ತದೆ. ಎತ್ತರ ಏರಿಳಿಸುವ ಗ್ಯಾಸ್ ಲಿಫ್ಟ್ ಕುರ್ಚಿಗಳಿಂದ ಹೊಮ್ಮುವ ಕ್ಷಣಿಕ ವಿದ್ಯುತ್ಕಾಂತೀಯ ಅಲೆ ಕೇಬಲ್‌ಗೆ ತಾಗಿ ಚಿತ್ರ ಹೋಗಬಹುದು ಎಂದು ಡಿಸ್‌ಪ್ಲೇಲಿಂಕ್ ಕಂಪನಿ ತನ್ನ ಸಹಾಯ ಪುಟದಲ್ಲೇ ಬರೆದಿದೆ. ಒಳಗಿನ ರಕ್ಷಾ ಕವಚ ಚೆನ್ನಾಗಿರುವ ಕೇಬಲ್ ಹಾಕುವುದು ಇದಕ್ಕೆ ಪರಿಹಾರ.

ಇನ್ನು ಚಿತ್ರ ಕಪ್ಪಾಗುವುದೂ ಇಲ್ಲ, ಮಿಣುಕುವುದೂ ಇಲ್ಲ, ಬರೀ ಮಂಕಾಗಿದೆ ಅಥವಾ ಬಣ್ಣದ ಅಕ್ಷರಗಳ ಅಂಚು ಕಲಸಿದಂತಿದೆ ಎಂದರೆ ಹೊಸ ಕೇಬಲ್ ಕೊಳ್ಳುವ ಮುನ್ನ ಸೆಟ್ಟಿಂಗ್ಸ್ ನೋಡಿ. ರೆಸಲ್ಯೂಶನ್ 3840 ಗುಣಿಸು 2160 ಇದೆಯೇ? ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ‘ಲಿಮಿಟೆಡ್’ ಬದಲು ‘ಫುಲ್’ ಇದೆಯೇ? ಬಣ್ಣದ ನಮೂನೆ ‘4:2:0’ ಎಂದಿದ್ದರೆ ಜಾಗ ಸಾಲದೆ ಬಣ್ಣದ ವಿವರವನ್ನು ಕಡಿಮೆ ಮಾಡಿ ಕಳುಹಿಸಲಾಗುತ್ತಿದೆ ಎಂದರ್ಥ, ಅದು ‘ಆರ್‌ಜಿಬಿ’ ಅಥವಾ ‘4:4:4’ ಆಗಬೇಕು. ಆ ಆಯ್ಕೆಯೇ ಕಾಣದಿದ್ದರೆ ಮಾನಿಟರ್‌ನ ಮೆನುವಿನಲ್ಲಿ ಎಚ್‌ಡಿಎಂಐ ಕಿಂಡಿ ಹಳೆಯ ಆವೃತ್ತಿಗೆ ನಿಂತಿರಬಹುದು, ಅದನ್ನು ಬದಲಿಸಬಹುದು.

ಇಷ್ಟೆಲ್ಲ ಮಾಡಿ ಹಳೆಯ ಎಚ್‌ಡಿಎಂಐ ಕೇಬಲ್‌ನದ್ದೇ ತಪ್ಪು ಎಂದು ಗೊತ್ತಾದರೂ ಅದನ್ನು ಕಸಕ್ಕೆ ಹಾಕಬೇಕಿಲ್ಲ. ಸೆಟ್‌ಟಾಪ್ ಬಾಕ್ಸ್‌ಗೂ ಫುಲ್ ಎಚ್‌ಡಿ ಟಿವಿಗೂ ಬೇಕಿರುವುದು 4.46 ಗಿಗಾಬಿಟ್ ಮಾತ್ರ, ಅಲ್ಲಿ ಅದು ಇನ್ನೂ ಎಷ್ಟೋ ವರ್ಷ ನಡೆಯುತ್ತದೆ. ಇಪ್ಪತ್ತನೆಯ ಪಿನ್ ಜೋಡಿಸಿರುವ ಡಿಸ್‌ಪ್ಲೇಪೋರ್ಟ್ ಕೇಬಲನ್ನು ಮಾತ್ರ ಇನ್ನೊಬ್ಬರ ಕೈಗೂ ಸಿಗದಂತೆ ಕತ್ತರಿಸಿ ಇ-ತ್ಯಾಜ್ಯಕ್ಕೆ ಕೊಡಿ.